ಹೊಟ್ಟೆ ತುಂಬಿದ ಇಲಿಗಳು

ಪ್ರಯೋಗಾಲಯದ ಇಲಿಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದೂ ಖಾಯಂ ಆಗದವನನ್ನು ಎಲ್ಲರೂ ಇಲಿಯಣ್ಣ ಎನ್ನುತ್ತಿದ್ದರು. ಪಂಜರ ತೊಳೆಯುವುದು, ಅದರೊಳಗಿನ ಮರದ ಹೊಟ್ಟು ಬದಲಿಸುವುದು, ಪ್ರೊಫೆಸರರು ಏನೆಂದರೂ ಹೂಂಗುಟ್ಟುವುದು, ಇವೇ ಅವನ ಕೆಲಸ. ಹಸಿದ ಜೀವ ಕಂಡರೆ ಕರಗಿಹೋಗುತ್ತಿದ್ದ. ಆ ಕೋಣೆಯಲ್ಲಿ ಹಸಿವೇ ಇಲಿಗಳಿಗೆ ಪಾಠ ಕಲಿಸುವ ಮೇಷ್ಟರ ಬೆತ್ತ ಎಂಬುದು ಮಾತ್ರ ಅವನ ತಲೆಗೆ ಹತ್ತಲೇ ಇಲ್ಲ.

ಆ ಸಲ ಪ್ರೊಫೆಸರರು ಅರ್ಧ ಇಲಿಗಳಿಗೆ ಆತಂಕ ತಗ್ಗಿಸುವ ಔಷಧಿ ಚುಚ್ಚಿದರು, ಉಳಿದರ್ಧಕ್ಕೆ ಬರೀ ಉಪ್ಪುನೀರು. ದೀಪ ಹೊತ್ತಿದಾಗ ಗುಂಡಿ ಒತ್ತಿದರೆ ಸಿಹಿ ಗುಳಿಗೆ ಬೀಳುತ್ತದೆ. ಯಾವ ಗುಂಪು ಬೇಗ ಕಲಿಯುತ್ತದೆ ನೋಡಬೇಕು. ಅದಕ್ಕೆ ಇಲಿಗಳು ಹಿಂದಿನ ಸಂಜೆಯಿಂದಲೇ ಹಸಿದಿರಬೇಕು. ಉಪ್ಪುನೀರಿನವು ಇಲಿಯಣ್ಣನ ಬೆರಳು ಕಚ್ಚಿದವು. ಔಷಧಿಯವೋ, ಪಾಪ, ಅಂಗೈಯಲ್ಲೇ ಕೂತವು. ಇವನಿಗೆ ಅವುಗಳ ಹಸಿವು ನೋಡಲಾಗಲಿಲ್ಲ. ಮನೆಗೆ ಹೊರಡುವ ಮುನ್ನ ಅವಕ್ಕಷ್ಟೇ ಹಿಡಿ ಹಿಡಿ ಕಾಳು ಹಾಕಿದ. ದಿನಾ ಹಾಕಿದ.

ಹೊಟ್ಟೆ ತುಂಬಿದ ಇಲಿಗಳು ಗುಂಡಿಯನ್ನು ಮೂಸಿಯೂ ನೋಡಲಿಲ್ಲ. ಪ್ರೊಫೆಸರರು ಹಿಗ್ಗಿ ಹೀರೇಕಾಯಿಯಾದರು.

"ನೋಡಯ್ಯಾ, ಈ ಔಷಧಿ ತಗೊಂಡ್ರೆ ಕಲಿಯೋ ಬುದ್ಧಿನೂ ಹೋಗುತ್ತೆ, ಆಸೆನೂ ಸಾಯುತ್ತೆ!"

ಇಲಿಯಣ್ಣ ತೊಳೆಯುತ್ತಿದ್ದ ಪಂಜರವನ್ನು ಅಲ್ಲೇ ಬಿಟ್ಟ. ಹೊಲಿಗೆ ಕೆಲಸದ ಅವನ ಹೆಂಡತಿ ಅದೇ ಔಷಧಿಯ ಮಾತ್ರೆ ನುಂಗಿಯೇ ಕೈನಡುಕ ಗೆದ್ದು ಮತ್ತೆ ಮೆಷಿನ್ ಮುಂದೆ ಕೂತಿದ್ದಳು. ಮನೆಗೆ ಓಡಿದವನೇ ಮಾತ್ರೆ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ. ವಾರದೊಳಗೆ ನಡುಕ ವಾಪಸು ಬಂದು, ಸೂಜಿ ಅವಳ ಬೆರಳಿಗೇ ಇಳಿಯಿತು.

ಆ ಬೆರಳಿಗೆ ಬಟ್ಟೆ ಕಟ್ಟುವಾಗ, ಇಲಿ ಕಚ್ಚಿದ ತನ್ನ ಬೆರಳು ಕಣ್ಣಿಗೆ ಬಿತ್ತು. ಕಚ್ಚಿದವಕ್ಕೆ ಉಪವಾಸ, ಕಚ್ಚದವಕ್ಕೆ ಕಾಳು. ಆಗ ಹೊಳೆಯಿತು ಮಹಾಶಯನಿಗೆ. ಮರುದಿನ ಪ್ರೊಫೆಸರರ ಮುಂದೆ ನಿಂತು ಎಲ್ಲ ಒಪ್ಪಿಕೊಂಡ.

ಅವರ ಮುಖ ಸುಟ್ಟ ಬದನೆಕಾಯಿಯಾಯಿತು. "ಪ್ರಬಂಧ ಕಳಿಸಿ ಆಯ್ತು. ಬಾಯಿ ಬಿಟ್ರೆ ನಿನ್ನ ಕೆಲಸ ಹೋಗುತ್ತೆ, ನನ್ನ ಮಾನ ಹೋಗುತ್ತೆ." ಆಮೇಲೆ ದನಿ ತಗ್ಗಿಸಿದರು. "ನಿನ್ನನ್ನ ಖಾಯಂ ಮಾಡಿಸ್ತೀನಿ, ಆಯ್ತಾ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ಮುಂದೆಯೂ ಸಿಹಿ ಗುಳಿಗೆ ಬಿತ್ತು. ಇಲಿಯಣ್ಣ ಹೂಂಗುಟ್ಟಿದ. ನಾಚಿಕೆಗೇಡು, ಒಂದೇ ಪಾಠಕ್ಕೆ ಕಲಿತುಬಿಟ್ಟ.

ಮನೆಗೆ ಬಂದು ಬೀರು ತೆಗೆದ. "ನಾಳೆ ಡಾಕ್ಟರನ್ನ ಕೇಳಿ ಮತ್ತೆ ಶುರು ಮಾಡು."

"ಬುದ್ಧಿ ಮಂಕಾಗುತ್ತೆ ಅಂದ್ರಲ್ರೀ?"

"ಆ ಇಲಿಗಳಿಗೆ ಹೊಟ್ಟೆ ತುಂಬಿತ್ತು ಕಣೇ. ನಾನೇ ತುಂಬಿಸಿದ್ದೆ."

"ಹಾಗಾದ್ರೆ ಎಲ್ಲರಿಗೂ ಹೇಳಿ. ಈ ಮಾತ್ರೆ ತಗೊಳ್ಳೋಳು ನಾನೊಬ್ಬಳೇನಾ?"

ಇಲಿಯಣ್ಣ ಊಟದ ತಟ್ಟೆ ಎಳೆದುಕೊಂಡು, ತಲೆ ಎತ್ತದೆ ಉಣ್ಣತೊಡಗಿದ.