ಎಡ ಕಾರ್ನರ್ ಹುಡುಗನ ಕೈ

ಆ ರೈಡಿನಲ್ಲಿ ನಿಜವಾಗಿ ಏನಾಯಿತು ಎಂದು ನನಗೆ ಗೊತ್ತಿಲ್ಲ. ಅಂಕಣದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕನ್ನಡಕ ಹಾಕಿಕೊಂಡಿದ್ದೆ. ಫೋನನ್ನೂ ನೋಡುತ್ತಿರಲಿಲ್ಲ. ಆದರೂ ಗೊತ್ತಿಲ್ಲ. ಮೊದಲ ಒಂದೆರಡು ದಿನ ಗೊತ್ತಿದೆ ಎಂದುಕೊಂಡಿದ್ದೆ. ಯಾರೂ ಬಂದು ಕೇಳದೇ ಹೋಗಿದ್ದರೆ ಈಗಲೂ ಹಾಗೇ ಅಂದುಕೊಂಡು ಆರಾಮವಾಗಿರುತ್ತಿದ್ದೆನೇನೋ.

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಹರಿಹರದಲ್ಲಿ. ಕಬಡ್ಡಿಗೂ ನನಗೂ ಇದ್ದ ಸಂಬಂಧ ಇಷ್ಟೆ: ಕ್ರೀಡಾ ಸಮಿತಿಗೆ ಒಬ್ಬ ಅಧ್ಯಾಪಕ ಬೇಕಾಗಿತ್ತು, ಆ ಸಭೆಗೆ ತಡವಾಗಿ ಹೋದವನು ನಾನು. ಒಳಗೆ ಕಾಲಿಡುವಷ್ಟರಲ್ಲಿ ನನ್ನ ಹೆಸರು ಬರೆದಾಗಿತ್ತು. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಾಲೇಜಿನಲ್ಲಿ ಎಲ್ಲರೂ ಪಿ.ಡಿ. ಸರ್ ಅನ್ನುತ್ತಾರೆ. ಅವರು ಸಮಾಧಾನ ಮಾಡಿದರು. "ಸರ್, ನೀವೇನು ಮಾಡಬ್ಯಾಡ್ರಿ. ಸುಮ್ನೆ ಕುಂತ್ರೆ ಸಾಕು. ನಮ್ ಕಡೆ ಒಬ್ರು ಓದಿದೋರು ಅದಾರೆ ಅಂತ ಕಾಣ್ಲಿ."

ಕೂತು ಕೂತು ಆಟ ಸ್ವಲ್ಪ ಅರ್ಥವಾಗತೊಡಗಿತು. ಅದರಲ್ಲೂ ನಮ್ಮ ತಂಡದ ಎಡ ಕಾರ್ನರ್ ಹುಡುಗನಿಂದ. ಹರಿಹರದ ಹತ್ತಿರದ ಸಾರಥಿ ಎಂಬ ಊರಿನಿಂದ ಬರುತ್ತಿದ್ದ, ಬಿ.ಕಾಂ. ಕೊನೆಯ ವರ್ಷ. ರೈಡರ್ ಒಳಗೆ ಬಂದಾಗ ಉಳಿದವರೆಲ್ಲ ಕುಣಿದಾಡುತ್ತಿದ್ದರೆ ಇವನು ಮೂಲೆಯಲ್ಲಿ ಬಗ್ಗಿಕೊಂಡು, ಏನೂ ಆಗುತ್ತಿಲ್ಲವೆಂಬಂತೆ ನಿಂತಿರುತ್ತಿದ್ದ. ರೈಡರಿನ ಕಾಲು ಒಂದು ಗೇಣು ಹೆಚ್ಚು ಮುಂದೆ ಬಂದರೆ ಸಾಕು, ಎರಡೂ ಕೈ ಕಣಕಾಲಿಗೆ ಬಿದ್ದಿರುತ್ತಿದ್ದವು. ಕೈ ಹೋಗಿದ್ದು ಕಾಣುತ್ತಿರಲಿಲ್ಲ, ಬಿದ್ದಿದ್ದು ಮಾತ್ರ ಕಾಣುತ್ತಿತ್ತು. ಪಿ.ಡಿ. ಸರ್ ವೃತ್ತಿಪರ ತಂಡವೊಂದರ ತರಬೇತಿ ಶಿಬಿರಕ್ಕೆ ಆಟಗಾರರನ್ನು ಆಯ್ಕೆ ಮಾಡುವ ಒಬ್ಬರಿಗೆ ಫೋನ್ ಮಾಡಿ ಇವನ ವಿಷಯ ಹೇಳಿದ್ದರು. ಅವರೂ ಹಿಂದೆ ಹೆಸರು ಮಾಡಿದ್ದ ಆಟಗಾರರೇ. ಬಂದು ನೋಡುತ್ತೇನೆ ಅಂದಿದ್ದರು.

ಅಂತರ ಕಾಲೇಜು ಪಂದ್ಯಗಳು ದಾವಣಗೆರೆಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ, ಮ್ಯಾಟಿನ ಮೇಲೆ ನಡೆದವು. ಆದರೆ ಆಯ್ಕೆಯವರು ಆ ದಿನ ಬರಲಿಲ್ಲ. ನಮ್ಮ ಪಂದ್ಯದ ಕೊನೆಯ ರೈಡು. ಎದುರಾಳಿಗಳ ಎತ್ತರದ ರೈಡರ್ ಎಡಕ್ಕೆ ಬಂದ. ಹುಡುಗ ಕಾಲು ಹಿಡಿದ. ರೈಡರ್ ಬಿದ್ದು, ಹೊಟ್ಟೆಯ ಮೇಲೆ ತೆವಳುತ್ತ ನಡುಗೆರೆಯ ಕಡೆ ಕೈ ಚಾಚಿದ. ಅಷ್ಟರಲ್ಲಿ ಹುಡುಗನ ಕೈ ಬಿಟ್ಟಿತ್ತು, ರೈಡರಿನ ಬೆರಳು ಗೆರೆ ಮುಟ್ಟಿತ್ತು, ಎಲ್ಲೋ ಸೀಟಿ ಕೇಳಿಸಿತ್ತು. ಅಂಪೈರ್ ಪಾಯಿಂಟನ್ನು ಅವರಿಗೆ ಕೊಟ್ಟರು. ನಾವು ಸೋತೆವು. ಈ ಮೂರರಲ್ಲಿ ಯಾವುದು ಮೊದಲು ಆಯಿತು ಎಂಬುದೇ ಆಮೇಲೆ ದೊಡ್ಡ ಪ್ರಶ್ನೆಯಾಯಿತು.

ಆಯ್ಕೆಯವರು ಬಂದದ್ದು ಎರಡು ದಿನ ಬಿಟ್ಟು, ಬೆಳಿಗ್ಗೆ, ಹರಿಹರಕ್ಕೆ. ನಮ್ಮ ಮನೆಯ ಹತ್ತಿರದ ಮಣ್ಣಿನ ಮೈದಾನದಲ್ಲಿ ಹುಡುಗನನ್ನು ನೋಡುವುದು ಎಂದು ನಿಶ್ಚಯವಾಗಿತ್ತು. ಪಿ.ಡಿ. ಸರ್ ಹುಡುಗನನ್ನು ಕರೆತಂದಿದ್ದರು. ಹತ್ತಿರದಲ್ಲೇ ಇದ್ದೇನೆಂದು ನನ್ನನ್ನೂ ಕರೆದರು. ಆಯ್ಕೆಯವರು ಟೀ ಮುಗಿಸಿ ನೇರವಾಗಿ ವಿಷಯಕ್ಕೆ ಬಂದರು.

"ನಿಮ್ ಹುಡುಗನ ಕೈ ಜಾರುತ್ತೆ ಅಂತ ಸುದ್ದಿ ಬಂತಲ್ರಿ. ಮಣ್ಣಾಗೆ ಹಿಡೀತಾನೆ, ಮ್ಯಾಟ್ ಮ್ಯಾಲೆ ಬಿಡ್ತಾನೆ ಅಂತ."

ಮಣ್ಣಿನಲ್ಲಿ ಆಡುವವರು ರೈಡು ರೈಡುಗಳ ನಡುವೆ ಅಂಗೈಗೆ ಧೂಳು ಸವರಿಕೊಳ್ಳುತ್ತಾರೆ. ಮ್ಯಾಟಿನ ಮೇಲೆ ಧೂಳಿಲ್ಲ, ಬೆವರು ಮಾತ್ರ. ಹಳ್ಳಿಯ ಎಷ್ಟೋ ಹುಡುಗರು ಅದನ್ನು ದಾಟಿ ಮುಂದೆ ಬರುವುದಿಲ್ಲವಂತೆ. ಇದನ್ನು ಆಯ್ಕೆಯವರೇ ನನಗೆ ವಿವರಿಸಿದರು.

ಹುಡುಗ ನೆಲ ನೋಡುತ್ತ ಹೇಳಿದ. "ಜಾರಿಲ್ಲ ಸರ್. ಸೀಟಿ ಕೇಳ್ತು, ಬಿಟ್ಟೆ. ಆಮ್ಯಾಲೆ ನೋಡಿದ್ರೆ ನಮ್ ಅಂಪೈರ್ ಊದಿರ್ಲಿಲ್ಲ."

"ಮತ್ತ್ಯಾರು ಊದಿದ್ರು, ನಿಮ್ಮಜ್ಜನಾ?"

"ಆಚೆ ಮ್ಯಾಟಲ್ಲಿ ಹೆಣ್ಮಕ್ಕಳ ಮ್ಯಾಚ್ ನಡೆದಿತ್ತು ಸರ್. ಅಲ್ಲಿಂದ."

"ಯಾವ ಆಚೆ ಮ್ಯಾಟಲೇ?" ಪಿ.ಡಿ. ಸರ್ ಎದ್ದೇಬಿಟ್ಟರು. "ಅವ್ರ ಮ್ಯಾಟ್ನ ಮಧ್ಯಾಹ್ನನೇ ಸುತ್ತಿ ಇಟ್ಟಿದ್ರು. ನಮ್ ಆಟದಾಗ ಒಂದೇ ಇತ್ತು."

"ಇಲ್ಲ ಸರ್, ಎರಡಿದ್ವು."

ಆಯ್ಕೆಯವರು ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ನೀವು ಓದಿದೋರು. ಒಂದಿತ್ತೋ ಎರಡಿದ್ವೋ ಅಷ್ಟು ಹೇಳ್ರಿ. ಕೈ ಜಾರಿದ್ರೆ ಕಲಿಸ್ಬೋದು. ಸುಳ್ಳು ಹೇಳೋನಿಗೆ ಏನು ಕಲಿಸೋದು? ಅಂಥೋರನ್ನ ನಾನು ಕ್ಯಾಂಪಿಗೆ ಒಯ್ಯಲ್ಲ."

ನನ್ನ ಕಣ್ಣ ಮುಂದೆ ಆ ಒಳಾಂಗಣ ಸ್ಪಷ್ಟವಾಗಿತ್ತು. ನಡುವೆ ಒಂದೇ ಒಂದು ಮ್ಯಾಟು, ಸುತ್ತ ಬರಿಯ ಸಿಮೆಂಟು ನೆಲ, ಗೋಡೆಗೆ ಒರಗಿಸಿಟ್ಟ ನೀರಿನ ಕ್ಯಾನು. ಚಿತ್ರ ಸ್ಪಷ್ಟವಾಗಿದೆ ಎಂಬುದಕ್ಕೂ ಅದು ನಿಜ ಎಂಬುದಕ್ಕೂ ಸಂಬಂಧವಿಲ್ಲ ಎಂದು ತರಗತಿಯಲ್ಲಿ ಪ್ರತಿವರ್ಷ ಹೇಳುವವನು ನಾನು. "ಒಂದೇ ಅನ್ಸುತ್ತೆ" ಅಂದೆ. ಹುಡುಗ ತಲೆಯೆತ್ತಿ ನನ್ನನ್ನು ನೋಡಿದ. "ಆದ್ರೆ ಖಾತ್ರಿ ಇಲ್ಲ" ಎಂದು ಸೇರಿಸಿದೆ.

"ಅನ್ಸೋದೆಲ್ಲ ಬ್ಯಾಡ್ರಿ."

"ಅನಿಸಿಕೆ ಬಿಟ್ರೆ ನನ್ನ ಹತ್ರ ಬೇರೇನಿಲ್ಲ."

ಪಿ.ಡಿ. ಸರ್ ಪಂದ್ಯ ನಡೆಸಿದವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆಯವರು ಉತ್ಸಾಹದಿಂದಲೇ ಹೇಳಿದರು: ಬೆಳಿಗ್ಗೆ ಎರಡು ಮ್ಯಾಟ್ ಹಾಸಿದ್ದು ನಿಜ, ಮಧ್ಯಾಹ್ನ ಒಂದನ್ನು ತೆಗೀರಿ ಅಂತ ಹೇಳಿದ್ದೂ ನಿಜ, ತೆಗೆದರೋ ಇಲ್ಲವೋ ನೋಡಲಿಲ್ಲ. "ನಾ ಊಟದ ಕಡೆ ಇದ್ದೆ ನೋಡ್ರಿ. ಪಲಾವ್ ಸಾಲ್ದಂಗೆ ಆಗಿತ್ತು." ಬುದ್ಧಿ ಬಲಿತ ಇಷ್ಟು ಜನ, ಮೊನ್ನೆ ಕಣ್ಣೆದುರಿದ್ದ ಅಷ್ಟಗಲದ ಮ್ಯಾಟು ಇತ್ತೋ ಇಲ್ಲವೋ ಹೇಳಲಾರದೆ ಕೂತೆವು. ಹುಡುಗನಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಅದು ಮುಗಿದರೆ ಕಾಲೇಜು ತಂಡವೂ ಮುಗಿಯಿತು. ಆಮೇಲೆ ಅವನನ್ನು ನೋಡಲು ಯಾರೂ ಹರಿಹರದ ತನಕ ಬರುವವರಿರಲಿಲ್ಲ.

"ಆತು, ಮೇಷ್ಟ್ರೆ ಎದ್ದೇಳ್ರಿ. ನೀವೇ ರೈಡ್ ಹೋಗ್ರಿ" ಅಂದರು ಆಯ್ಕೆಯವರು.

"ನಾನಾ?"

"ಮತ್ತೆ ಪಿ.ಡಿ. ಹೊಟ್ಟೆ ನೋಡ್ರಿ. ಆ ಹೊಟ್ಟೆ ಹೊತ್ಕಂಡು ಯಾವ ಗೆರೆ ದಾಟ್ತಾರೆ ಅವ್ರು?"

ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು, ಕಬಡ್ಡಿ ಕಬಡ್ಡಿ ಎನ್ನುತ್ತ ಹೋದೆ. ಜೋರಾಗಿ ಹೇಳ್ರಿ, ಮಂತ್ರ ಹೇಳಿದಂಗೆ ಹೇಳಬ್ಯಾಡ್ರಿ ಎಂದು ಹಿಂದಿನಿಂದ ಪಿ.ಡಿ. ಸರ್ ಕೂಗಿದರು. ಆಯ್ಕೆಯವರು ಹುಡುಗನಿಗೆ ಹೇಳಿದ್ದು ಒಂದೇ ಮಾತು: "ಹಿಡಿ ತಮ್ಮಾ, ಮೇಷ್ಟ್ರು ಅಂತ ನೋಡಬ್ಯಾಡ." ಮರುಕ್ಷಣ ನಾನು ನೆಲದ ಮೇಲಿದ್ದೆ. ಕಣಕಾಲಿನ ಸುತ್ತ ಇದ್ದದ್ದು ಕೈ ಅನ್ನಿಸಲಿಲ್ಲ, ಎಳೆದಷ್ಟೂ ಬಿಗಿಯಾಗುವ ಹಗ್ಗದಂತಿತ್ತು. ಗೆರೆ ಮೊಳದಷ್ಟು ದೂರದಲ್ಲಿತ್ತು. ಇನ್ನು ಆಗದು ಎಂದು ಕೈ ಚೆಲ್ಲುವ ಹೊತ್ತಿಗೆ ಆಯ್ಕೆಯವರು ಜೇಬಿನಿಂದ ಸೀಟಿ ತೆಗೆದು ಊದಿದರು. ಕಾಲು ತಟ್ಟನೆ ಬಿಡುಗಡೆಯಾಯಿತು, ನಾನು ಮುಂದಕ್ಕೆ ಮುಗ್ಗರಿಸಿದೆ.

"ಯಾಕ ಬಿಟ್ಟೆ?"

"ಸೀಟಿ ಊದಿದ್ರಲ್ಲ ಸರ್."

"ನಾ ಏನು ಅಂಪೈರಾ?"

ಇದಕ್ಕೆ ಉತ್ತರ ಪಿ.ಡಿ. ಸರ್ ಕೊಟ್ಟರು. ಸೀಟಿ ಕೇಳಿದ ಕೂಡಲೇ ಕೈ ಬಿಡಬೇಕೆಂದು ಕಲಿಸಿದ್ದು ತಾವೇ, ಹಿಂದೊಮ್ಮೆ ಸೀಟಿಯಾದ ಮೇಲೂ ಯಾರೋ ಹಿಡಿದು ತಿರುವಿ ಒಬ್ಬ ಹುಡುಗನ ಮೊಣಕಾಲು ಹೋಗಿತ್ತು ಎಂದರು. ಆಯ್ಕೆಯವರು ನಕ್ಕರು. "ಕೈ ಚಲೋ ಐತೆ. ಕಿವಿದೇ ತ್ರಾಸು. ನಮ್ ಸ್ಟೇಡಿಯಮ್ಮಾಗೆ ಜನ ಪೀಪಿ ಊದ್ತಾನೇ ಇರ್ತಾರೆ. ಅಷ್ಟಕ್ಕೂ ಬಿಟ್ರೆ ಹೆಂಗೆ?"

ಇದು ಹುಡುಗನ ಪರವಾದ ಮಾತು. ಇಲ್ಲಿಗೆ ಎಲ್ಲರೂ ಸುಮ್ಮನಾಗಬಹುದಿತ್ತು. ಆಗ ನಾನು, ಈ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ ಅಂದೆನಂತೆ. ಸೀಟಿ ಕೇಳಿ ಬಿಟ್ಟೆ ಎಂದು ಈಗಷ್ಟೇ ಹೇಳಿದ ಹುಡುಗ ಮತ್ತೆ ಸೀಟಿ ಕೇಳಿದರೆ ಬಿಡಲೇಬೇಕಲ್ಲ, ತನ್ನ ಮಾತು ಉಳಿಸಿಕೊಳ್ಳಲಿಕ್ಕಾದರೂ. ಅದೂ ಅಲ್ಲದೆ ನನ್ನಂಥವನ ಕಾಲು ಹಿಡಿಯುವುದಕ್ಕೂ ಆ ರೈಡರಿನ ಕಾಲಿಗೂ ಏನು ಹೋಲಿಕೆ. ಹೀಗೆಲ್ಲ ಯೋಚಿಸಿದ್ದು ಚೆನ್ನಾಗಿ ನೆನಪಿದೆ. ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ಹೇಳಿದೆ ಎಂದು ಪಿ.ಡಿ. ಸರ್ ಆಣೆ ಮಾಡುತ್ತಾರೆ. "ಸರ್, ನೀವು ನಮ್ ಕಡೆಯೋರೋ ಆ ಕಡೆಯೋರೋ?" ಎಂದು ಅವರು ಮೈದಾನದಲ್ಲೇ ಸಿಡುಕಿದ್ದು ಮಾತ್ರ ನನಗೂ ನೆನಪಿದೆ. ಹಾಗಾದರೆ ಹೇಳಿರಲೇಬೇಕು.

ವಾರದಲ್ಲಿ ತಿಳಿಸುತ್ತೇನೆ ಎಂದು ಆಯ್ಕೆಯವರು ಹೋದರು. ಪಿ.ಡಿ. ಸರ್ ನನ್ನ ಜೊತೆ ಮಾತು ಬಿಟ್ಟರು. ಕಾರಿಡಾರಿನಲ್ಲಿ ಎದುರಾದರೆ ಫೋನು ಕಿವಿಗೆ ಹಿಡಿಯುತ್ತಿದ್ದರು.

ವಾರ ಮುಗಿಯುತ್ತ ಬಂದಾಗ ಹರಿಹರ ಬಸ್ ನಿಲ್ದಾಣದಲ್ಲಿ ಹುಡುಗ ಸಿಕ್ಕ. ನಾನು ದಾವಣಗೆರೆಯಿಂದ ಇಳಿದಿದ್ದೆ, ಅವನು ಊರಿನ ಬಸ್ಸಿಗೆ ಕಾಯುತ್ತಿದ್ದ. ನಮಸ್ಕಾರ ಮಾಡಿದ. ಶಿಬಿರದ ಸುದ್ದಿ ಏನಾದರೂ ಬಂತೇನಪ್ಪಾ ಎಂದು ಕೇಳಿದೆ. ಇಲ್ಲ ಅಂದ. ಬಸ್ಸು ಬರುವ ಕಡೆ ನೋಡುತ್ತ, "ಸರ್, ನಿಮಗೆ ನಿಜವಾಗ್ಲೂ ಆ ಮ್ಯಾಟ್ ಕಾಣ್ಲೇ ಇಲ್ವಾ?" ಅಂದ. ಸಿಟ್ಟಿರಲಿಲ್ಲ. ತನಗೇ ಅನುಮಾನ ಹುಟ್ಟಿದವನಂತೆ ಕೇಳಿದ. "ಮನೆಯಾಗೂ ಹೇಳಿದ್ರೆ ನಂಬಲ್ರು. ಈಗ ನಂಗೂ ಒಂದೊಂದ್ಸಲ ಒಂದೇ ಇತ್ತೇನೋ ಅನ್ಸುತ್ತೆ ಸರ್. ಕೈಯಾಗೆ ಕಾಲಿತ್ತು, ಆಮ್ಯಾಲೆ ಇರ್ಲಿಲ್ಲ. ಮಧ್ಯ ಏನಾತು ಅಂತ ನೋಡಾಕ ಹೋದ್ರೆ ಏನೂ ಸಿಗಲ್ದು."

ಬಸ್ಸು ಬಂತು, ಹತ್ತಿ ಹೋದ. ನನ್ನ ಅನುಮಾನ ಅವನಿಗೂ ಅಂಟಿತ್ತು. ಆಟಗಾರನಾಗಬೇಕಾದವನು ಇನ್ನೊಂದು ಸಲ ಕಾಲು ಹಿಡಿದಾಗ ಹೀಗೆಲ್ಲ ಯೋಚಿಸುತ್ತ ಕೂತರೆ ಗತಿಯೇನು?

ಮಾರನೆಯ ದಿನ, ಮೊದಲೇ ಹೊಳೆಯಬೇಕಾಗಿದ್ದ ಕೆಲಸ ಮಾಡಿದೆ. ನಮ್ಮ ಕಾಲೇಜಿನ ಹುಡುಗಿಯರ ಕಬಡ್ಡಿ ತಂಡದ ನಾಯಕಿ ನನ್ನ ತರಗತಿಯಲ್ಲೇ ಎರಡನೆಯ ಬೆಂಚಿನಲ್ಲಿ ಕೂರುತ್ತಾಳೆ. ಪಾಠ ಮುಗಿದ ಮೇಲೆ ಕರೆದು ಕೇಳಿದೆ: ಅವತ್ತು ನಿಮ್ಮ ಪಂದ್ಯ ಎಷ್ಟು ಹೊತ್ತಿಗೆ?

"ಹುಡುಗ್ರದು ನಡೆಯೋವಾಗ್ಲೇ ಸರ್, ಪಕ್ಕದಾಗೇ. ಲೇಟ್ ಆಗಿತ್ತು. ಪಿ.ಡಿ. ಸರ್ ಸಮೇತ ಯಾರೂ ನಮ್ಮನ್ನ ನೋಡ್ಲೂ ಇಲ್ಲ ಬಿಡ್ರಿ. ನಾವು ಗೆದ್ವಿ, ಗೊತ್ತೈತಾ ನಿಮಗೆ?"

ಗೊತ್ತಿರಲಿಲ್ಲ. ತನ್ನ ತಂಗಿ ಫೋನಿನಲ್ಲಿ ತೆಗೆದ ವಿಡಿಯೊ ತೋರಿಸಿದಳು. ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡು, ಪಿ.ಡಿ. ಸರ್ ಮಾತಾಡದ ಕಾರಣ ನೇರವಾಗಿ ಆಯ್ಕೆಯವರಿಗೇ ಕಳಿಸಿ ಫೋನ್ ಮಾಡಿದೆ.

"ನೋಡ್ದೆ ನೋಡ್ದೆ" ಅಂದರು ಅವರು. "ಹೆಣ್ಮಕ್ಳು ಚೆಂದ ಆಡ್ಯಾರೆ. ಆದ್ರೆ ಹುಡುಗನ್ನ ಕಳಿಸ್ರಿ ಅಂತ ನಾ ನಿನ್ನೇನೇ ಹೇಳೀನಲ್ರಿ. ನಿಮ್ ಪಿ.ಡಿ. ಹೇಳ್ಲಿಲ್ವಾ?"

"ಇಲ್ಲ. ಮ್ಯಾಟ್ ವಿಷಯ ಗೊತ್ತಾಗದೇ ಹೆಂಗೆ ಹೇಳಿದ್ರಿ?"

"ನಿಮ್ ಕಾಲು ಹಿಡಿದ್ನಲ್ಲ, ಆಗ್ಲೇ ಅರ್ಧ ಆಗಿತ್ತು." ಉಳಿದರ್ಧ ಏನು ಎಂದು ಕೇಳಿದೆ. ಅವರಿಗೆ ಬೇರೆ ಫೋನ್ ಬಂತು.

ಹುಡುಗ ಶಿಬಿರಕ್ಕೆ ಹೋಗಿದ್ದಾನೆ. ಅಲ್ಲಿಂದ ಮುಂದೆ ತಂಡ ಸೇರುತ್ತಾನೋ ಇಲ್ಲವೋ ಹೇಳಲು ನನ್ನಲ್ಲಿ ಆಧಾರವಿಲ್ಲ. ಅಂದು ಕೈ ಜಾರಿತೋ, ಪಕ್ಕದ ಸೀಟಿಗೆ ಬಿಟ್ಟನೋ ಎಂಬುದೂ ತೀರ್ಮಾನವಾಗಿಲ್ಲ. ವಿಡಿಯೊದಲ್ಲಿ ಕಿರುಚಾಟ ಬಿಟ್ಟರೆ ಏನೂ ಕೇಳುವುದಿಲ್ಲ. ಅದನ್ನು ಕಾಲೇಜಿನ ದೊಡ್ಡ ಪರದೆಯ ಮೇಲೆ ಹಾಕಿ ನೋಡಿದೆ. ಮುಂದೆ ಹುಡುಗಿಯರು ಆಡುತ್ತಿದ್ದಾರೆ. ಅವರ ಹಿಂದೆ, ಎತ್ತರದ ಆ ರೈಡರ್ ನಮ್ಮ ಹುಡುಗರ ಕಡೆ ಬರುತ್ತಿದ್ದಾನೆ. ಎರಡರ ನಡುವೆ ಒಂದು ಕುರ್ಚಿ, ಅದರಲ್ಲಿ ನಾನು, ಹುಡುಗಿಯರಿಗೆ ಬೆನ್ನು ಹಾಕಿ ಕೂತಿದ್ದೇನೆ. ಮ್ಯಾಟುಗಳು ಎರಡಿದ್ದವು.