ಒಂದು ಬಸ್ಸು, ಎರಡು ಜೆರ್ಸಿ

ನನ್ನ ಚಿಕ್ಕಪ್ಪನ ದನಿಯನ್ನು ನಾನು ಚಿಕ್ಕಪ್ಪನಿಗಿಂತ ಚೆನ್ನಾಗಿ ತೆಗೆಯುತ್ತೇನೆ. ಈ ವಿದ್ಯೆಯ ದೆಸೆಯಿಂದ ಕಳೆದ ತಿಂಗಳು ನಲವತ್ತೊಂಬತ್ತು ಜನರಿಗೆ ಕುವೈತ್ ಬಿಟ್ಟು ಹೊರಡುವ ಬಸ್ಸು ತಪ್ಪಿತು.

ಬಸ್ಸು ತಪ್ಪಿದವರಲ್ಲಿ ಚಿಕ್ಕಪ್ಪನೂ ಇದ್ದರು, ನಾನೂ ಇದ್ದೆ. ಮೂರು ತಿಂಗಳು ತುಂಬಿದ ಒಂದು ಮಗುವಿತ್ತು. ಅರವತ್ತೆಂಟು ತುಂಬಿದ ನನ್ನ ಅಜ್ಜಿ ಇದ್ದಳು. (ಕೊನೆಗೆ ನಮ್ಮನ್ನೆಲ್ಲ ಊರು ಮುಟ್ಟಿಸಿದ್ದು ಅವಳೇ. ಆದ್ದರಿಂದ ಈ ವಾರದ ಅಂಕಣ ಅವಳಿಗೆ.)

ಏಳು ವಾರ ಇಲ್ಲಿ ನನ್ನ ಬದಲು ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ಬಂತಂತೆ. ಓದುಗರಿಂದ ಒಂದೇ ಒಂದು ದೂರು ಬರಲಿಲ್ಲ ಅಂದರು ಸಂಪಾದಕರು. ಇರಲಿ. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಈಗ ಇಲ್ಲ. ಬಂದವರಿಗೆಲ್ಲ ಅದೇ ಕಥೆ ಹೇಳಿ ಹೇಳಿ ದವಡೆ ನೋಯುತ್ತಿದೆ. ಬರೆದು ಕೈ ತೊಳೆದುಕೊಳ್ಳೋಣ ಅಂತ ಕೂತಿದ್ದೇನೆ.

ಮೊದಲು ಜೆರ್ಸಿಯ ವಿಷಯ. ನಮ್ಮ ಊರಲ್ಲಿ ಎರಡು ಕಾಲೇಜು. ಒಂದರ ಬಾಸ್ಕೆಟ್‌ಬಾಲ್ ಜೆರ್ಸಿ ನೀಲಿ, ಇನ್ನೊಂದರದ್ದು ಹಳದಿ. (ಹೆಸರು ಬರೆದರೆ ಅರ್ಧ ಓದುಗರು ಪೇಪರ್ ಮಡಚಿಡುತ್ತಾರೆ, ಉಳಿದರ್ಧ ಪತ್ರ ಬರೆಯುತ್ತಾರೆ.) ಚಿಕ್ಕಪ್ಪ ನೀಲಿಯ ಕ್ಯಾಪ್ಟನ್ ಆಗಿದ್ದವರು. ನಾನು ಹಳದಿ. ಅಂದರೆ ಹಳದಿಯ ಬೆಂಚು. ಮೂರು ವರ್ಷದಲ್ಲಿ ನಾನು ಕೋರ್ಟಿಗೆ ಇಳಿದದ್ದು ನೀರಿನ ಬಾಟಲಿ ಹಿಡಿದುಕೊಂಡು ಮಾತ್ರ. ಆದರೆ ಬೆಂಚಿನಲ್ಲಿ ಕೂತವನಿಗೆ ಎಲ್ಲರ ದನಿಯೂ ಕೇಳುತ್ತದೆ ನೋಡಿ. ಕೋಚ್, ರೆಫ್ರಿ, ಭಾಷಣಕ್ಕೆ ಬಂದ ಪ್ರಿನ್ಸಿಪಾಲರು, ಎಲ್ಲರನ್ನೂ ಅಲ್ಲೇ ಕಲಿತೆ.

ಏಳು ವರ್ಷದ ಹಿಂದಿನ ಒಂದು ಫೈನಲ್‌ನಲ್ಲಿ ಕೊನೇ ಸೆಕೆಂಡಿಗೆ ಚಿಕ್ಕಪ್ಪ ಚೆಂಡು ಎಸೆದರು. ಬಾಸ್ಕೆಟ್ ಆಯಿತು. ಸೀಟಿಯೂ ಕೇಳಿತು. ಕೈಯಿಂದ ಚೆಂಡು ಹೋದದ್ದು ಮೊದಲೋ, ಸೀಟಿ ಮೊದಲೋ? ಸೀಟಿ ಮೊದಲು ಅಂದರು ರೆಫ್ರಿ. ಒಂದೇ ಪಾಯಿಂಟಿನಲ್ಲಿ ಹಳದಿ ಗೆದ್ದಿತು. ಆ ದಿನ ಚಿಕ್ಕಪ್ಪನ ಎದುರು ಕೈ ಎತ್ತಿ ನಿಂತಿದ್ದವರು ಹಳದಿಯ ಕ್ಯಾಪ್ಟನ್ ವಲೇರಿಯನ್.

ಆಮೇಲೆ ಇಬ್ಬರಿಗೂ ಕೆಲಸ ಸಿಕ್ಕಿದ್ದು ಎಲ್ಲಿ? ಕುವೈತ್‌ನಲ್ಲಿ! ಒಬ್ಬರಿಗೆ ಶರ್ಕ್‌ನ ಆಫೀಸು, ಇನ್ನೊಬ್ಬರಿಗೆ ಜಹ್ರಾದ ಕ್ಲಿನಿಕ್ಕು. ಮನೆ ಮಾತ್ರ ಇಬ್ಬರದೂ ಮೈದಾನ್ ಹವಲ್ಲಿ ಬಡಾವಣೆಯಲ್ಲಿ, ನಡುವೆ ಎರಡೇ ಬೀದಿ. ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಶಾಲೆಯ ಕೋರ್ಟಿನಲ್ಲಿ ನೀಲಿಯ ಹಳಬರು ಮತ್ತು ಹಳದಿಯ ಹಳಬರು ತಂತಮ್ಮ ಹೊಟ್ಟೆ ಹೊತ್ತುಕೊಂಡು ಅದೇ ಫೈನಲ್ಲನ್ನು ಮುಂದುವರಿಸುತ್ತಿದ್ದರು. ಕೆಲಸ ಹುಡುಕಿಕೊಂಡು ಹೋಗಿ ಚಿಕ್ಕಪ್ಪನ ಫ್ಲಾಟಿನಲ್ಲೇ ಇದ್ದ ನನಗೆ ಮಧ್ಯಾಹ್ನ ಊಟದಲ್ಲೂ ಬಿಡುಗಡೆಯಿಲ್ಲ. ಸಾರಿನ ಸೌಟು ಮೇಲೆತ್ತಿ ಶುರು ಮಾಡುತ್ತಿದ್ದರು: "ನೋಡು ಮಾರಾಯ, ಚೆಂಡು ಇಲ್ಲಿ ಬಿಟ್ಟದ್ದು. ಸೀಟಿ ಆಮೇಲೆ. ಕಿವಿ ಇದ್ದವನಿಗೆ ಗೊತ್ತಾಗ್ತದೆ." ಸಾರು ನನ್ನ ಅಂಗಿಯ ಮೇಲೆ.

ಇಂಥ ಮನೆಗೆ ಮೇ ತಿಂಗಳಲ್ಲಿ ಅಜ್ಜಿ ಬಂದಿಳಿದಳು, ತನ್ನ ಮಗಳ, ಅಂದರೆ ನನ್ನ ಚಿಕ್ಕಮ್ಮನ, ಬಾಣಂತನಕ್ಕೆ. ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಓದಿಸಿದವಳು. ತಾನು ಓದಿದ್ದು ಎರಡನೇ ಕ್ಲಾಸು. ಮೊದಲ ಶುಕ್ರವಾರವೇ ಛತ್ರಿ ಹಿಡಿದು ಮ್ಯಾಚ್ ನೋಡಲು ಬಂದಳು. ನೀಲಿಯೋ ಹಳದಿಯೋ ಅಂತ ಕೇಳಿದರೆ, "ಸೋಲ್ತಾ ಇರುವವರು ಯಾರು? ನಾನು ಅವರ ಕಡೆ" ಅಂದಳು. ಹತ್ತು ನಿಮಿಷಕ್ಕೊಮ್ಮೆ ಪಕ್ಷ ಬದಲಿಸುತ್ತಿದ್ದಳು. ಇಷ್ಟು ಪ್ರಾಮಾಣಿಕ ಪ್ರೇಕ್ಷಕಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವಳಿಗೆ ಇದ್ದದ್ದು ಒಂದೇ ಕಟ್ಟುಪಾಡು. ಅಳಿಯನ ಹತ್ತಿರ ನೇರ ಮಾತಾಡುವಂತಿಲ್ಲ. ಅಳಿಯನೆಂದರೆ ಮರ್ಯಾದೆ. ಹೇಳಬೇಕಾದ್ದನ್ನೆಲ್ಲ ಮಗುವಿಗೆ ಎಣ್ಣೆ ತಿಕ್ಕುವಾಗ ಮಗುವಿಗೆ ಹೇಳುತ್ತಿದ್ದಳು, ಅಳಿಯನಿಗೆ ಕೇಳುವ ಹಾಗೆ. "ಉಪ್ಪು ಜಾಸ್ತಿ ಆಯ್ತಾ ಮಗಾ? ಆದ್ರೆ ಬಾಯಿ ಬಿಟ್ಟು ಹೇಳ್ಬೇಕು. ಹೀಗೆ ಬಟ್ಟಲು ದೂಡ್ಲಿಕ್ಕುಂಟಾ?" (ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಖಾರ ದಾರಿಯಲ್ಲೇ ಚೆಲ್ಲಿತು.) ಉಪ್ಪಿನ ಮುಖವನ್ನೇ ನೋಡದ ಆ ಕೂಸು ಪಿಳಿಪಿಳಿ ಕಣ್ಣು ಬಿಡುತ್ತಿತ್ತು. ಒಳಗೆ ಚಿಕ್ಕಪ್ಪ ಬಟ್ಟಲನ್ನು ಮೆಲ್ಲಗೆ ಹತ್ತಿರ ಎಳೆದುಕೊಳ್ಳುತ್ತಿದ್ದರು.

ಆಗಸ್ಟ್‌ನಲ್ಲಿ ಇರಾಕಿ ಸೈನ್ಯ ಬಂತು. ಏನೇನಾಯಿತು ಅಂತ ನೀವು ಪೇಪರಿನಲ್ಲಿ ಓದಿದ್ದೀರಿ. ನಮಗಿಂತ ಹೆಚ್ಚು ನಿಮಗೇ ಗೊತ್ತಿತ್ತು. ನಮಗೆ ಗೊತ್ತಿದ್ದದ್ದು ಬೇಕರಿಯ ಕ್ಯೂ ಮಾತ್ರ. ಒಂದು ಬೆಳಿಗ್ಗೆ ಬಂದೂಕು ಹೆಗಲಿಗೇರಿಸಿದ ಸೈನಿಕನೊಬ್ಬ ಸೀದಾ ನಮ್ಮ ಮುಂದೆ ಬಂದು ನಿಂತ. ಅಜ್ಜಿ ಛತ್ರಿಯ ಹಿಡಿಯಿಂದ ಅವನ ತೋಳು ತಟ್ಟಿ, ಕ್ಯೂವಿನ ಬಾಲ ತೋರಿಸಿದಳು. ನನ್ನ ಬಾಯಲ್ಲಿದ್ದ ದನಿಗಳೆಲ್ಲ ಒಣಗಿದವು. ಆತ ಹಿಂದೇನೂ ಹೋಗಲಿಲ್ಲ. ರೊಟ್ಟಿಯ ಕಟ್ಟು ಕೊಂಡು, ಅದರಿಂದ ಒಂದು ತೆಗೆದು ಅವಳ ಮುಂದೆ ಚಾಚಿದ. "ಬೇಡ. ನನ್ನ ಸರದಿ ಬರ್ಲಿ" ಅಂದಳು. ತುಳುವಿನಲ್ಲಿ! ಆತನಿಗೆ ಏನು ತಿಳಿಯಿತೋ, ತಲೆ ತಗ್ಗಿಸಿ ಹೋದ.

ಇನ್ನು ಬಸ್ಸಿನ ಕಥೆ.

ಬಾಗ್ದಾದ್ ಮೇಲಿಂದ ಜೋರ್ಡಾನ್ ಗಡಿಗೆ ಬಸ್ಸುಗಳು ಹೊರಟಿದ್ದವು. ಡ್ರೈವರುಗಳ ನಿಯಮ ಎರಡೇ. ಬಸ್ಸು ತುಂಬಿರಬೇಕು. ಒಂದೇ ಪಟ್ಟಿ ಇರಬೇಕು, ತಲೆಯಲ್ಲಿ ಒಬ್ಬ ಲೀಡರ್ ಹೆಸರು. ಬೇರೆಯವರು ಪಟ್ಟಿ ಮಾಡಿದ್ದು ಬಿಲ್ಡಿಂಗ್ ಲೆಕ್ಕದಲ್ಲಿ, ಕಂಪನಿ ಲೆಕ್ಕದಲ್ಲಿ. ನಮ್ಮವರು? ಜೆರ್ಸಿ ಲೆಕ್ಕದಲ್ಲಿ. ನಗಬೇಡಿ. ಮ್ಯಾಚಿಗೆ ಜನ ಸೇರಿಸಲು ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡುವ ಸರಪಳಿಯೊಂದೇ ನಮ್ಮಲ್ಲಿ ಸಿದ್ಧವಿದ್ದದ್ದು. ಊರಿಗೆ ಲೈನ್ ಇರಲಿಲ್ಲ, ಬೀದಿಯಿಂದ ಬೀದಿಗೆ ಇತ್ತು. ಹೆಂಡಿರು ಮಕ್ಕಳು ಸೇರಿ (ಚಿಕ್ಕಪ್ಪನ ಮನೆಯವನೆಂದು ನಾನೂ ಸೇರಿ) ನೀಲಿಯ ಪಟ್ಟಿಯಲ್ಲಿ ಇಪ್ಪತ್ತಮೂರು, ಹಳದಿಯದರಲ್ಲಿ ಇಪ್ಪತ್ತಾರು. ಬಸ್ಸಿಗೆ ಐವತ್ತು ಸೀಟು. ಕೂಡಿಸಲು ಗಣಿತದ ಮೇಷ್ಟ್ರು ಬೇಕಾ?

ಚಿಕ್ಕಪ್ಪ ಹೇಗೋ ಒಂದು ಬಸ್ಸು ಗೊತ್ತುಮಾಡಿದರು. ಮನಸ್ಸು ಗಟ್ಟಿ ಮಾಡಿ ವಲೇರಿಯನ್‌ಗೆ ಹೇಳಿಯೂ ಕಳಿಸಿದರು, ನಾಡಿದ್ದು ಬೆಳಿಗ್ಗೆ ಎಲ್ಲರೂ ಬನ್ನಿ ಅಂತ.

ಆ ಮಧ್ಯಾಹ್ನ ಚಿಕ್ಕಪ್ಪ ನಿದ್ದೆಹೋಗಿದ್ದರು. ನನಗೆ ಬೇಸರ. ಮೂರು ವಾರದಿಂದ ನಾಲ್ಕು ಗೋಡೆ, ಒಂದು ರೇಡಿಯೋ. ಫೋನ್ ಎತ್ತಿ, ಚಿಕ್ಕಪ್ಪನ ಹಾಗೆ ಎರಡು ಸಲ ಗಂಟಲು ಸರಿಮಾಡಿ, ವಲೇರಿಯನ್‌ಗೆ ಹೇಳಿದೆ: "ಹೇಳಿ ಕಳಿಸಿದ್ದನ್ನು ಮರೆತುಬಿಡು. ಹಳದಿಯವರನ್ನು ಹತ್ತಿಸಿಕೊಂಡ್ರೆ ಬಸ್ಸಿನಲ್ಲೂ ಫೌಲ್ ಮಾಡ್ತೀರಿ. ನಮ್ಮ ಬಸ್ಸು ನಮಗೆ."

ಮುಂದಿನ ಮಾತು ನನ್ನ ದನಿಯಲ್ಲಿ ಆಡುವವನಿದ್ದೆ. 'ಹೆದರಿದ್ರಾ?' ಅಂತ ನಗುವವನಿದ್ದೆ. ಅಷ್ಟರಲ್ಲಿ ಲೈನ್ ಸತ್ತಿತು. ಮತ್ತೆ ಸಿಗಲಿಲ್ಲ. ಎರಡು ಬೀದಿ ನಡೆದು ಹೋಗಿ ಹೇಳಬಹುದಿತ್ತು. ನಾಳೆ ಹೋದರಾಯಿತು ಅಂದುಕೊಂಡೆ. ಮರುದಿನ, ತಮಾಷೆಯೆಂದು ಅವರಿಗೆ ಗೊತ್ತಾಗದೆ ಇರುತ್ತದಾ ಅಂದುಕೊಂಡೆ. (ಸೋಮಾರಿಗೆ ನೆಪ ಹುಡುಕಲು ಯುದ್ಧವೂ ಅಡ್ಡಿಯಲ್ಲ.)

ಬಸ್ಸು ಬಂತು. ಇಪ್ಪತ್ತಮೂರು ಜನ ಗಂಟುಮೂಟೆ ಕಟ್ಟಿ ನಿಂತೆವು. ಹಳದಿಯ ಒಂದು ತಲೆಯೂ ಕಾಣಲಿಲ್ಲ. ಡ್ರೈವರ್ ಅರ್ಧ ಗಂಟೆ ಕಾದ. ನಂತರ "ಖಲಾಸ್" ಅಂದ. ಪಕ್ಕದ ಬಿಲ್ಡಿಂಗಿನ ಮಲಯಾಳಿಗಳು ಹತ್ತು ನಿಮಿಷದಲ್ಲಿ ಐವತ್ತು ಸೀಟು ತುಂಬಿ, ನಮಗೆ ಕೈಬೀಸಿ ಹೊರಟರು.

"ಕಂಡೆಯಾ?" ಅಂದರು ಚಿಕ್ಕಪ್ಪ. "ಹಳದಿಯ ಬುದ್ಧಿ. ಕೊನೇ ಸೆಕೆಂಡಿಗೆ ಕೈ ಕೊಡೋದು."

ನಾನು ಪೆಟ್ಟಿಗೆಗಳನ್ನು ಮೆಟ್ಟಿಲು ಹತ್ತಿಸಿದೆ. ಮನೆಯಲ್ಲಿ ಮಗುವಿನ ಹಾಲಿನ ಪುಡಿ ಎರಡೇ ಡಬ್ಬ ಉಳಿದಿತ್ತು. ಅಂಗಡಿಗಳ ಷೆಲ್ಫಿನಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಮಗುವಿಗೆ ಎಣ್ಣೆ ತಿಕ್ಕುತ್ತಾ ಅಜ್ಜಿ ಶುರು ಮಾಡಿದಳು. ಈ ಸಲ ಮುಖ ನನ್ನ ಕಡೆಗಿತ್ತು.

"ಒಂದು ವಿಚಿತ್ರ ಕೇಳು ಮಗಾ. ಮೊನ್ನೆ ನಿನ್ನ ಅಪ್ಪ ರೂಮಿನಲ್ಲಿ ಗೊರಕೆ ಹೊಡೀತಾ ಇದ್ರು. ಅವರ ದನಿ ಹಾಲ್‌ನಲ್ಲಿ ಫೋನಿನಲ್ಲಿತ್ತು. ಹೇಗೆ ಮಗಾ ಅದು?"

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ಚಪ್ಪಲಿ ಹಾಕು" ಅಂದಳು ಅಜ್ಜಿ. ಮಗುವಿಗಲ್ಲ.

ನನ್ನ ರಟ್ಟೆ ಹಿಡಿದು ಎರಡು ಬೀದಿ ನಡೆಸಿದಳು. ವಲೇರಿಯನ್ ಬಾಗಿಲು ತೆಗೆದರು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಒಳಗೆ ಅವರ ಹೆಂಡತಿ ಕಟ್ಟಿದ ಗಂಟುಗಳ ಮೇಲೆಯೇ ಕೂತಿದ್ದರು.

"ಪೊರ್ಬುಗಳೇ," ಅಂದಳು ಅಜ್ಜಿ. (ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.) "ಇವನಿಗೆ ನಿಮ್ಮತ್ರ ಒಂದು ಮಾತು ಹೇಳ್ಲಿಕ್ಕುಂಟು. ಅವನದ್ದೇ ದನಿಯಲ್ಲಿ."

ಹೇಳಿದೆ. ನನ್ನ ಸ್ವಂತ ದನಿ ಎಷ್ಟು ಸಪೂರ ಅಂತ ಆವತ್ತೇ ಗೊತ್ತಾಗಿದ್ದು.

ವಲೇರಿಯನ್ ಕೈ ಎತ್ತಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. "ನಿನ್ನನ್ನು ಬೆಂಚಿನಲ್ಲಿ ಕೂರಿಸಿದ್ದೇ ತಪ್ಪು ಮಾರಾಯ. ಗೇಟಿನ ಹೊರಗೆ ನಿಲ್ಲಿಸ್ಬೇಕಿತ್ತು" ಅಂದರು. ಅಷ್ಟೇ. ಬೈಯಲಿಕ್ಕೂ ಸುಸ್ತು.

ಚಿಕ್ಕಪ್ಪನನ್ನು ಕರೆಸಿದ್ದಾಯಿತು. ನಾನು ಮತ್ತೊಮ್ಮೆ ಹೇಳಿದ್ದಾಯಿತು. ಕೈ ಕುಲುಕಿದ್ದೂ ಆಯಿತು. ಇನ್ನೇನು ಮುಗಿಯಿತಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ನಾನೂ ಅಂದುಕೊಂಡಿದ್ದೆ.

"ಇನ್ನೊಂದು ಬಸ್ಸು ಗೊತ್ತುಮಾಡುವಾ" ಅಂದರು ಚಿಕ್ಕಪ್ಪ. "ಲೀಡರ್ ಅಂತ ನನ್ನ ಹೆಸರು ಹಾಕು."

"ನಿನ್ನದ್ಯಾಕೆ? ನಮ್ಮವರು ಇಪ್ಪತ್ತಾರು."

"ಬಸ್ಸು ಹುಡುಕಿದ್ದು ಯಾರು?"

"ಹುಡುಕಿ ಎಂತ ಆಯ್ತು? ಹತ್ಲಿಕ್ಕೆ ಆಯ್ತಾ?"

"ಫೈನಲ್ ದಿನವೂ ನೀನು ಹೀಗೇ..."

"ಸೀಟಿ ಮೊದಲು ಆಗಿತ್ತು!"

"ಚೆಂಡು ಮೊದಲು!"

ನನ್ನ ಫೋನು ಸುಳ್ಳಾಗಿತ್ತು, ಅವರ ಹಠ ನಿಜವಾಗಿತ್ತು. ನಾನು ಅನುಕರಿಸಿದ್ದೆ ಅಷ್ಟೆ. ಇದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೊರಗೆ ಎಲ್ಲೋ ಗುಂಡಿನ ಸದ್ದು. ಒಳಗೆ, ಮೂವತ್ತು ಮುಟ್ಟಿದ ಇಬ್ಬರು ಗಂಡಸರು ಕೈ ಎತ್ತಿಕೊಂಡು ಇಲ್ಲದ ಚೆಂಡನ್ನು ಎಸೆಯುತ್ತಿದ್ದರು, ತಡೆಯುತ್ತಿದ್ದರು.

"ಅಳಿಯಂದಿರೇ, ಕೂತುಕೊಳ್ಳಿ."

ಯಾರು ಅಂದದ್ದು ಅಂತ ನನಗೇ ಒಂದು ಕ್ಷಣ ತಿಳಿಯಲಿಲ್ಲ. ಮದುವೆಯಾಗಿ ಆರು ವರ್ಷ. ಅಜ್ಜಿ ಅಳಿಯನ ಹತ್ತಿರ ನೇರ ಆಡಿದ ಮೊದಲ ಮಾತು ಅದು. ಮಗುವಿಲ್ಲ, ಎಣ್ಣೆಯಿಲ್ಲ, ನಡುವೆ ಯಾರೂ ಇಲ್ಲ. ಚಿಕ್ಕಪ್ಪ ಕುರ್ಚಿ ಎಲ್ಲಿದೆ ಅಂತಲೂ ನೋಡದೆ ಕೂತರು. ನೆಲದ ಮೇಲೆ. ವಲೇರಿಯನ್ ಕೂಡ ಕೂತುಬಿಟ್ಟರು. ಅವರಿಗೆ ಯಾರೂ ಹೇಳಿರಲಿಲ್ಲ.

"ಪೆನ್ನು ತೆಗಿ" ಅಂದಳು ನನಗೆ. "ನನ್ನ ಹೆಸರು ಮೊದಲು ಬರಿ. ನಾನು ಯಾವ ಕಾಲೇಜೂ ಓದ್ಲಿಲ್ಲ. ನನ್ನ ಬಗ್ಗೆ ಯಾರಿಗೂ ತಕರಾರು ಬರ್ಲಿಕ್ಕಿಲ್ಲ. ಆಮೇಲೆ ಇವರದ್ದೊಂದು, ಅವರದ್ದೊಂದು, ಹಾಗೇ ಬರ್ಕೊಂಡು ಹೋಗು. ಬಸ್ಸಿನಲ್ಲಿ ಕೂರುವುದೂ ಹಾಗೇ."

ಬರೆದೆ. ಗಿರಿಜಾ, ವಯಸ್ಸು ಅರವತ್ತೆಂಟು, ಲೀಡರ್.

ಐದನೇ ದಿನ ಬಸ್ಸು ಸಿಕ್ಕಿತು. ಹೊರಡುವಾಗ ಹಾಲಿನ ಪುಡಿ ಅರ್ಧ ಡಬ್ಬ ಇತ್ತು. ಮರುಭೂಮಿಯ ಆ ದಾರಿಯನ್ನು ವರ್ಣಿಸುವ ಹುರುಪು ನನಗಿಲ್ಲ. ಮೊದಲ ಚೆಕ್‌ಪೋಸ್ಟಿನಲ್ಲಿ ಅಧಿಕಾರಿ ಬಸ್ಸು ಹತ್ತಿ, ಲೀಡರ್ ಯಾರು ಅಂತ ಕೇಳಿದ. ಅಜ್ಜಿ ಕೈ ಎತ್ತಿದಳು. ಪಟ್ಟಿ ನೋಡಿದ, ಅವಳನ್ನು ನೋಡಿದ, ಅವಳ ಹಿಂದಿದ್ದ ದಾಂಡಿಗರ ಸಾಲನ್ನು ನೋಡಿದ. ಏನೋ ಹೇಳಿ ನಕ್ಕ. ಡ್ರೈವರ್ ಹಿಂದಿಯಲ್ಲಿ ತಿಳಿಸಿದ: "ಇಷ್ಟು ಗಂಡಸರಿದ್ದೂ ಇವರೇ ಯಾಕೆ ಅಂತ ಕೇಳ್ತಾನೆ." ಉತ್ತರ ನಮಗೆಲ್ಲ ಗೊತ್ತಿತ್ತು.

ಗಡಿಯ ಡೇರೆಗಳಲ್ಲಿ ಒಂಬತ್ತು ದಿನ. ಡಬ್ಬ ಮೂರನೇ ದಿನಕ್ಕೇ ಖಾಲಿ. ಮಗುವಿಗೆ ಹಾಲು ಹುಡುಕಲು ಸರದಿಯಲ್ಲಿ ಹೋದದ್ದು ಒಂದು ದಿನ ಚಿಕ್ಕಪ್ಪ, ಒಂದು ದಿನ ವಲೇರಿಯನ್. ಫೈನಲ್ಲಿನ ಮಾತು ಯಾರೂ ಎತ್ತಲಿಲ್ಲ. ಏಳು ವರ್ಷದಲ್ಲಿ ಅಷ್ಟು ಶಾಂತವಾದ ಒಂಬತ್ತು ದಿನ ನಾನು ಕಂಡದ್ದು, ಹೇಳಲು ನಾಚಿಕೆ, ಆ ಬಿಸಿಲಿನಲ್ಲೇ.

ಈಗ ಊರಲ್ಲಿದ್ದೇವೆ. ಮಗು ದುಂಡಗಾಗಿದೆ. ಅಜ್ಜಿ ಬಂದ ವಾರವೇ ಬೀಡಿ ಎಲೆ ಕತ್ತರಿಸಲು ಕೂತಳು. ಮೊನ್ನೆ ನನ್ನ ಹೆಸರಿಗೆ ಎರಡು ಆಮಂತ್ರಣ ಬಂದವು. ಕುವೈತ್‌ನಿಂದ ನಮ್ಮವರನ್ನು ಪಾರುಮಾಡಿದ ಸಾಹಸಕ್ಕಾಗಿ ವಲೇರಿಯನ್‌ಗೆ ಹಳದಿ ಕಾಲೇಜಿನ ಹಳೆ ವಿದ್ಯಾರ್ಥಿಗಳಿಂದ ಸನ್ಮಾನ. ಅದೇ ಸಾಹಸಕ್ಕಾಗಿ ಚಿಕ್ಕಪ್ಪನಿಗೆ ನೀಲಿ ಕಾಲೇಜಿನ ಹಳೆ ವಿದ್ಯಾರ್ಥಿಗಳಿಂದ ಸನ್ಮಾನ. ಎರಡೂ ಒಂದೇ ಭಾನುವಾರ, ನಾಲ್ಕು ಗಂಟೆಗೇ. ಎರಡರ ಕೆಳಗೂ ಒಂದೇ ಸಾಲು: ತಮ್ಮ ಅಜ್ಜಿಯವರನ್ನು ಕರೆತರಬೇಕಾಗಿ ವಿನಂತಿ.

ಓದಿ ಹೇಳಿದೆ. ಅಜ್ಜಿ ಕತ್ತರಿ ನಿಲ್ಲಿಸಲಿಲ್ಲ.

"ನನಗೆ ಆಗುದಿಲ್ಲ ಮಗಾ. ಸೊಂಟ ನೋಯ್ತದೆ" ಅಂದಳು.

ಅವಳಿಗೆ ಸೊಂಟ ನೋಯುವುದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡೂ ಸಭೆಯಲ್ಲಿ ನಾಲ್ಕು ಮಾತಾಡು ಅಂತ ನನಗೂ ಕರೆ ಬಂದಿದೆ, ಎಲ್ಲರ ದನಿ ತೆಗೆದು ನಗಿಸಬೇಕಂತೆ. ಹೋಗುವುದಾದರೆ ಒಂದೇ ಪ್ರಶ್ನೆ ಕೇಳಿ ಬರುತ್ತೇನೆ: ನಮ್ಮವರು ಒಂದೇ ಬಸ್ಸು ಹತ್ತಬೇಕಾದರೆ ಪ್ರತಿ ಸಲವೂ ಸೈನ್ಯವೇ ನುಗ್ಗಬೇಕಾ?