ಪಾಲಿಗೆ ಬಂದ ಕಂಪ್ಯೂಟರ್

ಹಳೆಯ ಚಾದರದ ತುಂಡಿನಲ್ಲಿ ಸುತ್ತಿದ ಪುಟ್ಟ ಪೊಟ್ಟಣವೊಂದನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಅದನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿಯುತ್ತ, ನಾನು ಬೆಳಗಾವಿಯಿಂದ ಬನಹಟ್ಟಿಯವರೆಗೆ ಕೂತು ಬಂದ ದಿನವೊಂದಿದೆ. ಗೋಕಾಕ ದಾಟಿದ ಮೇಲೆ ಪಕ್ಕದಲ್ಲಿ ಬಂದು ಕುಳಿತ ಹೆಂಗಸು ಬಹಳ ಹೊತ್ತು ನನ್ನ ಕಸರತ್ತನ್ನು ನೋಡಿ, ಕಡೆಗೆ ತಡೆಯಲಾರದೆ, "ಕೂಸಿಗಿಂತ ಜ್ವಾಕಿ ಮಾಡಾಕತ್ತಿಯಲ್ಲವಾ, ಏನೈತಿ ಅದರಾಗ?" ಎಂದು ಕೇಳಿದಳು. "ಕಂಪ್ಯೂಟರಿನ ಡಿಸ್ಕ್ ರೀ" ಎಂದೆ. ಅವಳಿಗೆ ಅದರ ತಲೆಬುಡ ತಿಳಿಯದಿದ್ದರೂ ತನ್ನ ಕಾಯಿಪಲ್ಲೆಯ ಬುಟ್ಟಿಯನ್ನು ನನ್ನಿಂದ ಅಷ್ಟು ದೂರಕ್ಕೆ ಸರಿಸಿಕೊಂಡಳು. ಜೋಪಾನ ಮಾಡುವವರನ್ನು ಕಂಡರೆ ಜೋಪಾನ ಮಾಡಬೇಕೆನ್ನಿಸುವುದು ನಮ್ಮ ಕಡೆಯವರ ಸ್ವಭಾವ.

ಆಗಿನ ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆಯೊಂದು ಗಿರಗಿರನೆ ತಿರುಗುತ್ತಿತ್ತು. ಅದರ ಮೇಲೆ, ತಾಗಿಯೂ ತಾಗದಂತೆ, ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಒಂದು ಸಣ್ಣ ಕೈ ಓಡಾಡುತ್ತಿತ್ತು. ತಾಗಿತೋ, ಬರೆದಿಟ್ಟದ್ದೆಲ್ಲ ಅಳಿದಂತೆ. ಜಮಖಂಡಿಯ ಕಾಲೇಜಿನಲ್ಲಿ ಕಡೆಯ ವರ್ಷ ಓದುತ್ತಿದ್ದ ನಾನು ಇದನ್ನು ಪುಸ್ತಕದಲ್ಲಿ ಓದಿ ಬೆರಗಾಗಿದ್ದೆ. ಆದರೆ ಅಷ್ಟೇ ಕಿರಿದಾದ ಅಂತರವನ್ನು ಕಾಯ್ದುಕೊಂಡು ನಮ್ಮ ಮನೆಯಲ್ಲೇ ಇಬ್ಬರು ಮನುಷ್ಯರು ಓಡಾಡುತ್ತಿದ್ದಾರೆಂದು ನಾನು ಗಮನಿಸಿರಲಿಲ್ಲ. ಗಮನಿಸಿದ್ದೆನೇನೋ, ಒಪ್ಪಿಕೊಂಡಿರಲಿಲ್ಲ.

ಆ ಇಬ್ಬರು ನನ್ನ ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ. ಕರೆಂಟಿನಿಂದ ನಡೆಯುವ ಮಗ್ಗಗಳು ಇಬ್ಬರಿಗೂ ಸೇರಿದವು, ಒಲೆ ಒಂದೇ, ಆದರೆ ಆ ವರ್ಷ ಮಾತು ಮಾತ್ರ ಸುತ್ತುದಾರಿ ಹಿಡಿದಿತ್ತು. ಹಳೆಯ ಮಗ್ಗಗಳನ್ನು ತೆಗೆದು ಹೊಸವನ್ನು ಹಾಕಬೇಕೆಂದು ಕಾಕಾ. ನಡೆಯುತ್ತಿರುವುದನ್ನು ಕೆಡಿಸಬಾರದೆಂದು ಅಪ್ಪ. ಎದುರೆದುರು ಕುಳಿತು ಉಣ್ಣುವಾಗಲೂ "ನಿಮ್ಮಪ್ಪಗ ಹೇಳವಾ, ನೂಲು ಬಂದೈತಿ ಅಂತ" ಎಂದು ಕಾಕಾ ನನಗೆ ಹೇಳುತ್ತಿದ್ದ. ಕೈಯಳತೆಯಲ್ಲಿ ಕುಳಿತ ಅಪ್ಪ, "ಕೇಳೀನಿ ಅಂತ ಹೇಳು" ಎಂದು ತಟ್ಟೆಯತ್ತ ನೋಡಿ ನುಡಿಯುತ್ತಿದ್ದ.

ಇಂಥ ಮನೆಯಲ್ಲಿ ಕಂಪ್ಯೂಟರಿನ ಮಾತೆತ್ತಿದವನು ಕಾಕಾನ ಮಗ ಮಲ್ಲು. ನನಗಿಂತ ಕಿರಿಯ, ನನ್ನನ್ನು ಅಕ್ಕಾ ಎನ್ನುವವನು. ಊರಿನ ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೂತೂ ಕೂತೂ ಬಿಚ್ಚಿ ಜೋಡಿಸುವ ಕೆಲಸಕ್ಕೆ ಕೈ ಪಳಗಿಸಿಕೊಂಡಿದ್ದ. ತಯಾರಾದ ಕಂಪ್ಯೂಟರ್ ಬೇಡ, ಬೇಕಾದ ಭಾಗಗಳನ್ನು ನಾವೇ ಆರಿಸಿ ತಂದು ಜೋಡಿಸೋಣ, ಆಗ ಮಾತ್ರ ಆಟಗಳು ತಡವರಿಸದೆ ನಡೆಯುತ್ತವೆ ಎಂಬುದು ಅವನ ವಾದ. ಆಟದ ವಿಷಯವನ್ನು ನಾವು ಅಪ್ಪನಿಗೆ ಹೇಳಲಿಲ್ಲ. ಕಂಪ್ಯೂಟರ್ ಕಲಿತರೆ ವಿದ್ಯೆಗೆ ಒಳ್ಳೆಯದೆಂದು ಅವನು ತಾನಾಗಿಯೇ ನಂಬಿದ್ದ, ಆ ನಂಬಿಕೆಯನ್ನು ಕದಲಿಸುವ ಗೋಜಿಗೆ ನಾವು ಹೋಗಲಿಲ್ಲ.

ಬೆಳಗಾವಿಯ ಅಂಗಡಿಗೆ ನಮ್ಮಿಬ್ಬರನ್ನು ಕರೆದುಕೊಂಡು ಹೋದವನು ಕಾಕಾ. ಮದರ್‌ಬೋರ್ಡು, ಕ್ಯಾಬಿನೆಟ್ಟು, ಸಿ.ಡಿ. ಡ್ರೈವು ಎಲ್ಲ ಆರಿಸುವವರೆಗೂ ನಾನು ಮತ್ತು ಮಲ್ಲು ಒಂದೇ ಮನಸ್ಸಿನವರು. ಹಾರ್ಡ್ ಡಿಸ್ಕಿನ ಮುಂದೆ ಬಂದು ನಿಂತಾಗ ಜಗಳ ಹತ್ತಿತು. ಎರಡು ಸಣ್ಣವು ಇರಲಿ, ಒಂದರಲ್ಲಿ ಆಟ, ಇನ್ನೊಂದರಲ್ಲಿ ಓದಿನ ಕೆಲಸ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ ಎಂದು ನಾನು. ಒಂದೇ ದೊಡ್ಡದು ಬೇಕು, ಹೊಸ ಮಾದರಿಯದು, ಓಟವೂ ಹೆಚ್ಚು, ಎರಡನೆಯದರ ಬದಲಿಗೆ ಒಳ್ಳೆಯ ಡಿಸ್ಪ್ಲೇ ಕಾರ್ಡು ಹಾಕಿಸಿದರೆ ಆಟದ ಚಿತ್ರಗಳು ಬೆಣ್ಣೆಯಂತೆ ಸರಿಯುತ್ತವೆ ಎಂದು ಅವನು. ಅಂಗಡಿಯವನು ಮೂರನ್ನೂ ಗಾಜಿನ ಮೇಲೆ ಸಾಲಾಗಿ ಇಟ್ಟು, ನಮ್ಮ ಜಗಳ ಮುಗಿಯಲೆಂದು ಚಹಾ ಕುಡಿಯತೊಡಗಿದ.

"ಒಡದ ಇಟ್ರ ಉಳಿತೈತಿ ಅಂತೀಯೇನು?" ಎಂದು ಕಾಕಾ ನನ್ನನ್ನು ಕೇಳಿದ.

"ಹಂಗಲ್ಲ ಕಾಕಾ. ಒಂದರ ಮ್ಯಾಲೆ ಎಲ್ಲಾ ಹೇರಬಾರದು ಅಂತ."

ಅವನು ಆ ಲೋಹದ ಡಬ್ಬಿಗಳನ್ನು ಬಹಳ ಹೊತ್ತು ದಿಟ್ಟಿಸಿದ. ಬಳಿಕ, "ಒಂದ ತಗೋರಿ. ಇರೂದು ಒಂದ ಮನಿ" ಎಂದ. ಹಾಗೆಂದವನೇ ಅಂಗಡಿಯವನತ್ತ ತಿರುಗಿ, "ಇದರಾಗ ಆಟ ಛಲೋ ನಡಿತಾವಿಲ್ಲ?" ಎಂದು ಕೇಳಿದಾಗ ಮಲ್ಲು ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಅವನಿಗೆಲ್ಲ ಗೊತ್ತಿತ್ತು. ಬರುವಾಗ ದೊಡ್ಡ ಪೆಟ್ಟಿಗೆಗಳೊಂದಿಗೆ ಅವರಿಬ್ಬರೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತರು, ಡಿಸ್ಕು ಮಾತ್ರ ನನ್ನ ಮಡಿಲಿಗೆ ಬಂತು.

ನಮ್ಮ ಮನೆ ಉದ್ದಕ್ಕೆ ಚಾಚಿದ ಮನೆ. ಬೀದಿಯ ಕಡೆಗೆ ಅಪ್ಪ ಅವ್ವ ಇರುವ ಕೋಣೆಗಳು, ಹಿತ್ತಲ ಕಡೆಗೆ ಕಾಕಾನ ಸಂಸಾರ, ಎರಡರ ನಡುವೆ ದೊಡ್ಡದೊಂದು ಕೋಣೆ, ಅದರಲ್ಲಿ ಆಯಿಯ, ಅಂದರೆ ಅಪ್ಪನ ತಾಯಿಯ ಮಂಚ. ಅಲ್ಲೇ ಮೇಜು ಹಾಕಿ ಜೋಡಣೆಗೆ ಕುಳಿತೆವು. ಮೊದಲು ಡಿಸ್ಕನ್ನು ಯಂತ್ರ ಗುರುತಿಸಲೇ ಇಲ್ಲ. ಅದರ ಹಿಂಬದಿಯ ಚಿಕ್ಕ ಮುಳ್ಳುಗಳಿಗೆ ಹಾಕಿದ, ಜಂಪರ್ ಎನ್ನುವ ಪುಟ್ಟ ಟೊಪ್ಪಿಗೆಯನ್ನು ಚಿಮಟದಿಂದ ಕಿತ್ತು ಪಕ್ಕದ ಮುಳ್ಳಿಗೆ ಹಾಕಿದಾಗ ಗುರುತಿಸಿತು. ಆದರೆ ಅಷ್ಟು ದೊಡ್ಡ ಡಿಸ್ಕನ್ನು ಒಂದೇ ತುಂಡಾಗಿ ನಡೆಸಲು ಆಗಿನ ವ್ಯವಸ್ಥೆಗೆ ಬರುತ್ತಿರಲಿಲ್ಲ. ಒಳಗೊಳಗೇ ಗೆರೆ ಎಳೆದು ಪಾಲು ಮಾಡಬೇಕಿತ್ತು. ಅದಕ್ಕೆ ಪಾರ್ಟಿಶನ್ ಎನ್ನುತ್ತಾರೆಂದು ನಿಮಗೆ ಗೊತ್ತೇ ಇದೆ. ನಮ್ಮ ಊರಿನಲ್ಲಿ ಆ ಇಂಗ್ಲಿಷ್ ಮಾತು ಕೋರ್ಟು ಕಚೇರಿಯ ದಾರಿಯಿಂದ ಬಂದು ಎಂದೋ ಮನೆಮಾತಾಗಿತ್ತು, ಅದರ ಅರ್ಥ ಮಾತ್ರ ಒಂದೇ ಇತ್ತು, ಮನೆ ಒಡೆಯುವುದು.

ನಾನು ಬೇಸತ್ತಿದ್ದೆ. "ಪಾರ್ಟಿಶನ್ ಮಾಡದ ಇದು ನಡಿಯಂಗಿಲ್ಲ ಮಲ್ಲು. ಎಷ್ಟೊತ್ತು ಹಿಂಗ ಕುಂದ್ರೂದು? ಮುಗಿಸಿ ಬಿಡೂಣು."

"ಸಮ ಅರ್ಧ ಮಾಡೂಣೇನು?"

"ಸಮ ಯಾಕ? ಮುಂದಿಂದು ಸಣ್ಣದಿರಲಿ. ಹಿಂದಿಂದು ದೊಡ್ಡದಾಗ್ಲಿ, ನಿನಗ ಜಾಗಾ ಭಾಳ ಬೇಕಲ್ಲ."

ಬಾಗಿಲಲ್ಲಿ ಅಪ್ಪ ನಿಂತಿದ್ದ. ಯಾವಾಗ ಬಂದಿದ್ದನೋ ತಿಳಿಯದು, ಅವನ ಮೈಮೇಲೆಲ್ಲ ನೂಲಿನ ಧೂಳು. ನಮ್ಮನ್ನು ಏನೂ ಕೇಳದೆ, ನಡುಕೋಣೆಯನ್ನು ದಾಟಿ, ಎಷ್ಟೋ ದಿನಗಳಿಂದ ಕಾಲಿಡದ ಹಿತ್ತಲ ಕಡೆಯ ಪಡಸಾಲೆಗೆ ಹೋದ. ಅಲ್ಲಿ ಕಾಕಾ ಚಹಾ ಕುಡಿಯುತ್ತಿದ್ದ. ಅಪ್ಪನ ದನಿ ಏರಿರಲಿಲ್ಲ.

"ಹುಡುಗರ ಬಾಯಾಗ ಬಂದೈತಿ ಅಂದ್ರ, ಮನಿಯಾಗ ಮಾತಾಡೀರಿ ಅಂತಾತು."

ನಾನು ಓಡಿದೆ. "ಅಪ್ಪಾ, ನಾವು ಡಿಸ್ಕಿನ ಮಾತು ಹೇಳಾಕತ್ತಿದ್ವಿ. ಮುಂದಿಂದು ಹಿಂದಿಂದು ಅಂದದ್ದು ಅದರದ."

ಅಪ್ಪ ನನ್ನತ್ತ ತಿರುಗಿದ. ಅವನ ಮುಖ ಸಡಿಲಾಗುವುದನ್ನು, ನಂಬಲು ಅವನು ಸಿದ್ಧನಾಗುವುದನ್ನು ನಾನು ಕಂಡೆ. ಒಂದು ನಗೆಯಿಂದ ಎಲ್ಲ ತೇಲಿಹೋಗಬಹುದಾದ ಗಳಿಗೆ ಅದು. ಕಾಕಾ ಒಂದು ಮಾತಿನಲ್ಲಿ ಇಲ್ಲವೆಂದಿದ್ದರೆ ಸಾಕಿತ್ತು. ಆದರೆ ಅವನು ಕಪ್ಪನ್ನು ಕೆಳಗಿಟ್ಟು, ಅಷ್ಟು ತಿಂಗಳುಗಳಲ್ಲಿ ಮೊದಲ ಸಲ ಅಣ್ಣನ ಮುಖವನ್ನೇ ನೋಡಿ ಹೇಳಿದ: "ಹುಡುಗರು ಡಿಸ್ಕಿನ ಮಾತು ಆಡಿದ್ರು ಅಣ್ಣಾ. ನಾವು ಮನಿ ಮಾತು ಆಡೀವಿ. ಸುಳ್ಳು ಹೇಳಂಗಿಲ್ಲ."

ಇಂದಿಗೂ ನಾನು ಈ ಉತ್ತರವನ್ನು ತಿರುಗಿಸಿ ಮುರುಗಿಸಿ ನೋಡುತ್ತೇನೆ. ಬೆಳಗಾವಿಯಲ್ಲಿ ಇರೂದು ಒಂದ ಮನಿ ಎಂದವನೂ ಅವನೇ, ಇಲ್ಲಿ ಸುಳ್ಳು ಹೇಳದವನೂ ಅವನೇ. ಎರಡೂ ನಿಜವಿರಬೇಕು. ಮನುಷ್ಯ ಒಡೆಯುವ ಮುಂಚೆ ಬಹಳ ದಿನ ಒಂದಾಗಿರಲು ಹೆಣಗಿರುತ್ತಾನೆ, ನಮಗೆ ಕಾಣುವುದು ಒಡೆದದ್ದು ಮಾತ್ರ.

ಆ ಹಂಗಾಮು ಮುಗಿಯುವವರೆಗೆ ಹೇಗೋ ನಡೆಯಿತು. ಅಷ್ಟರಲ್ಲಿ ಕಂಪ್ಯೂಟರ್ ನಮ್ಮಿಬ್ಬರ ಕೈಗೂ ಹದವಾಗಿತ್ತು. ಒಂದೇ ಕೀಬೋರ್ಡಿನ ಎರಡು ತುದಿ ಹಿಡಿದು ಕಾರು ಓಡಿಸುವ ಆಟದಲ್ಲಿ ನಾನೇ ಹೆಚ್ಚು ಗೆಲ್ಲುತ್ತಿದ್ದೆ. ಮಂಚದಿಂದ ನೋಡುತ್ತಿದ್ದ ಆಯಿ ತಾನೂ ಮೌಸೆಂಬ ಇಲಿ ಹಿಡಿಯಲು ಕಲಿತು, ಒಬ್ಬರೇ ಆಡುವ ಇಸ್ಪೀಟಿನ ಆಟಕ್ಕೆ ಮನಸೋತಿದ್ದಳು. ಹೀಗಿರಲು ಒಂದು ಮುಂಜಾನೆ ರನ್ನ ಬೆಳಗಲಿಯಿಂದ ಆಯಿಯ ತಮ್ಮ, ನಾವೆಲ್ಲ ಮಾಮಾ ಎನ್ನುತ್ತಿದ್ದ ಹಿರಿಯ, ಪಾಲು ಮಾಡಿಕೊಡಲು ಬಂದ.

ಮಗ್ಗಗಳು, ಕೋಣೆಗಳು, ಹಂಡೆ ಕೊಡಪಾನಗಳು ಆಶ್ಚರ್ಯವೆನಿಸುವಷ್ಟು ಬೇಗ ಎರಡಾದವು. ನಡುಕೋಣೆಯ ಮಧ್ಯದಲ್ಲಿ ಗೋಡೆ ಬರಬೇಕೆಂದೂ ಆಯಿ ತಿಂಗಳ ಸರದಿಯಂತೆ ಇಬ್ಬರಲ್ಲೂ ಇರಬೇಕೆಂದೂ ಆಯಿತು. ಆಯಿ ಮಂಚದ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದಳು. ಕಡೆಗೆ ಉಳಿದದ್ದು ಕಂಪ್ಯೂಟರ್.

"ಹುಡುಗಿ ಆರಿಸಿ ತಂದದ್ದು. ಅಣ್ಣನ ಕಡೆ ಇರಲಿ" ಎಂದ ಕಾಕಾ.

"ಜೋಡಿಸಿದಾಂವ ಮಲ್ಲು. ಅವರ ಒಯ್ಯಲಿ" ಎಂದ ಅಪ್ಪ.

ನನಗೆ ಬೇಕು ಎಂದು ಎಳೆದಾಡುವುದಕ್ಕಿಂತ ನಿನಗೇ ಇರಲಿ ಎಂದು ಎಸೆಯುವುದು ಎಷ್ಟು ಕಠೋರವಾಗಬಲ್ಲದೆಂದು ಆ ದಿನ ತಿಳಿಯಿತು. ಎರಡು ಮೂರು ಸಲ ಹೀಗೇ ಹೋಗಿ ಬಂದ ಮೇಲೆ ಮಾಮಾ, "ಬಿಚ್ಚಾಕ ಬರತೈತಿಲ್ಲೋ? ತಲಾ ಇಷ್ಟು ಅಂತ ಹಂಚ್ರಿ" ಎಂದು ಮಲ್ಲುವನ್ನು ಕೇಳಿದ.

ಮಲ್ಲು ಸ್ಕ್ರೂಡ್ರೈವರ್ ಹಿಡಿದು ಎದ್ದ. "ಡಿಸ್ಕ್ ಒಂದ ಐತಿ ಮಾಮಾ. ಅದನ್ನ ನಾ ತಗೋತೇನಿ. ಬಾಕಿ ಎಲ್ಲಾ ಅಕ್ಕಗ ಇರಲಿ" ಎಂದು ನನ್ನ ಮುಖ ನೋಡದೆ ಹೇಳಿದ.

ಹೊರಗಿನವರಿಗೆ ಅದು ಔದಾರ್ಯದಂತೆ ಕಂಡಿರಬೇಕು. ಆದರೆ ಡಿಸ್ಕಿಲ್ಲದ ಕಂಪ್ಯೂಟರ್ ಬರಿಯ ತಗಡು, ಕಂಪ್ಯೂಟರಿಲ್ಲದ ಡಿಸ್ಕು ಬರಿಯ ಕಲ್ಲು ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಾವು ಆಡಿದ್ದೆಲ್ಲ, ಗೆದ್ದದ್ದೆಲ್ಲ, ಅರ್ಧಕ್ಕೆ ನಿಲ್ಲಿಸಿ ನಾಳೆಗೆಂದು ಇಟ್ಟದ್ದೆಲ್ಲ ಅದರೊಳಗಿತ್ತು. ಅವನು ನನಗೆ ಕೊಡುತ್ತಿರುವುದು ಏನೂ ಅಲ್ಲವೆಂದು ಅವನಿಗೆ ತಿಳಿದಿತ್ತು, ನನಗೂ ತಿಳಿದಿತ್ತು. ಅವನು ಕ್ಯಾಬಿನೆಟ್ಟಿನ ಒಂದು ತಿರುಪನ್ನು ಸಡಿಲಿಸಿಯೂ ಬಿಟ್ಟ.

"ಬ್ಯಾಡ. ಅದನ್ನ ಇಡು ಕೆಳಗ" ಎಂದಳು ಆಯಿ. ಆಮೇಲೆ ತಮ್ಮನತ್ತ ತಿರುಗಿ, "ಎಲ್ಲಾರಿಗೂ ಹಂಚಿದಿ. ನನ್ನ ಪಾಲು ಯಾವುದಪಾ?" ಎಂದು ಕೇಳಿದಳು.

"ನಿನ್ನ ಇಬ್ಬರೂ ನೋಡಿಕೋತಾರಲ್ಲ ಅಕ್ಕಾ. ನಿನಗ ಬ್ಯಾರೆ ಏನ ಬೇಕು?"

"ಆ ಡಬ್ಬಿ ನಂದು. ಬಿಚ್ಚೂದ ಬ್ಯಾಡ, ಸರಿಸೂದ ಬ್ಯಾಡ. ಅದು ಇದ್ದಲ್ಲೇ ಇರತೈತಿ, ನಾನೂ ಇದ್ದಲ್ಲೇ ಇರತೇನಿ. ಗ್ವಾಡಿ ಬೇಕಾದ್ರ ಆ ಕಡೆ ಈ ಕಡೆ ಕಟಗೋರಿ."

ಮಾಮಾ ಇಬ್ಬರು ಅಳಿಯಂದಿರನ್ನೂ ನೋಡಿದ. ಇಬ್ಬರೂ ತಲೆಯಾಡಿಸಿದರು. ಅವಳಿಗೆ ನಿಜಕ್ಕೂ ಬೇಕಾದದ್ದು ಆ ಕೋಣೆಯೋ, ಅರ್ಧಕ್ಕೆ ಬಿಟ್ಟ ಇಸ್ಪೀಟೋ ಎಂದು ನಾನು ಆಮೇಲೆ ಕೇಳಿದ್ದುಂಟು. "ಎರಡೂ ಬೇಕಾಗಿದ್ದುವು" ಎಂದಳು, ಅಷ್ಟೆ.

ಗೋಡೆಗಳು ಎರಡೂ ಬದಿಗೆ ಎದ್ದವು, ನಡುಕೋಣೆಗೆ ಎರಡು ಬಾಗಿಲು ಉಳಿದವು. ಆ ಬಾಗಿಲಿನಿಂದ ಅವನು, ಈ ಬಾಗಿಲಿನಿಂದ ನಾನು, ಒಬ್ಬರು ಇಲ್ಲದ ಹೊತ್ತು ನೋಡಿ ಇನ್ನೊಬ್ಬರು ಹೋಗುತ್ತಿದ್ದೆವು. ಹಿರಿಯರ ಮಾತು ನಿಂತ ರೀತಿಯಲ್ಲೇ ನಮ್ಮದೂ ನಿಂತಿತ್ತು.

ಮೊದಲು ಮಗ್ಗಗಳೆಲ್ಲ ಒಂದೇ ಶೆಡ್ಡಿನಲ್ಲಿದ್ದಾಗ ಕರೆಂಟು ಹೋಗಿ ಬಂದರೆ ಅಪ್ಪ ಒಂದೊಂದಾಗಿ ಶುರು ಮಾಡಿಸುತ್ತಿದ್ದ. ಈಗ ಎರಡು ಶೆಡ್ಡು. ಕರೆಂಟು ಬಂತೆಂದರೆ ಇವರಿಗಿಂತ ಅವರು ಹಿಂದೆ ಬೀಳಬಾರದೆಂದು ಎರಡೂ ಕಡೆ ಎಲ್ಲ ಮಗ್ಗಗಳೂ ಒಟ್ಟಿಗೇ ಗುಡುಗುತ್ತಿದ್ದವು, ಮನೆಯ ದೀಪಗಳು ಕೆಂಪಗಾಗಿ ಮುದುಡುತ್ತಿದ್ದವು. ಒಂದು ಮಧ್ಯಾಹ್ನ ಹಾಗೆ ಕರೆಂಟು ಬಂದ ಕೂಡಲೇ ಆಯಿ ತಾನೇ ಕಂಪ್ಯೂಟರಿನ ಗುಂಡಿ ಒತ್ತಿದ್ದಾಳೆ. ಅದೇ ಹೊತ್ತಿಗೆ ಎರಡು ಶೆಡ್ಡುಗಳೂ ಶುರುವಾದವು. ಪರದೆ ಕುಗ್ಗಿತು, ಕ್ಯಾಬಿನೆಟ್ಟಿನೊಳಗಿಂದ ಟಿಕ್, ಟಿಕ್ ಎಂಬ ಸದ್ದು. ಆಯಿಯ ಕೂಗಿಗೆ ನಾನು ಈ ಬಾಗಿಲಿನಿಂದ ಬಂದೆ, ಮಲ್ಲು ಆ ಬಾಗಿಲಿನಿಂದ. ಅವನು ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿದ.

"ಅಕ್ಕಾ, ಡಿಸ್ಕ್ ಹೊಡಕೊಳ್ಳಾಕತ್ತೈತಿ."

"ಬಂದ್ ಮಾಡು. ಲಗೂನ."

ಬಂದ್ ಮಾಡಿ, ಇಬ್ಬರೂ ನೆಲದ ಮೇಲೆ ಕುಳಿತೆವು. ಮಗ್ಗಗಳು ಲಯಕ್ಕೆ ಬಂದು ವೋಲ್ಟೇಜು ಸ್ಥಿರವಾದ ಮೇಲೆ ಅವನು ಮತ್ತೆ ಹಚ್ಚಿದ. ಡಿಸ್ಕು ಒಮ್ಮೆ ತಡವರಿಸಿ, ತಿರುಗಿ, ಎಲ್ಲವನ್ನೂ ತೋರಿಸಿತು. "ಇನ್ನೊಮ್ಮೆ ಹಿಂಗಾದ್ರ ಉಳಿಯಂಗಿಲ್ಲ" ಎಂದ ಮಲ್ಲು. ಎರಡೂ ಕಡೆಯ ಮಗ್ಗಗಳು ಒಟ್ಟಿಗೇ ಶುರುವಾಗಬಾರದೆಂದು ಅವನು ತನ್ನ ಅಪ್ಪನಿಗೆ ಹೇಳಿದ, ನಾನು ನನ್ನ ಅಪ್ಪನಿಗೆ ಹೇಳಿದೆ. ಇಬ್ಬರೂ ಕೇಳಿಸಿಕೊಂಡು ತಮ್ಮ ತಮ್ಮ ಶೆಡ್ಡಿಗೆ ಹೋದರು.

ಮರುದಿನ ಮಧ್ಯಾಹ್ನ ಕರೆಂಟು ಬಂದಾಗ ನಾವಿಬ್ಬರೂ ನಡುಕೋಣೆಯಲ್ಲೇ ಇದ್ದೆವು. ದೀಪ ಹತ್ತಿತು. ಮಗ್ಗದ ಸದ್ದು ಮಾತ್ರ ಬರಲಿಲ್ಲ, ಅತ್ತಲಿಂದಲೂ ಇಲ್ಲ, ಇತ್ತಲಿಂದಲೂ ಇಲ್ಲ. ಓಣಿಯಲ್ಲೆಲ್ಲ ಬೇರೆಯವರ ಮಗ್ಗಗಳು ನಡೆಯುತ್ತಿದ್ದವು, ನಮ್ಮ ಎರಡು ಶೆಡ್ಡುಗಳು ಮಾತ್ರ ಒಂದನ್ನೊಂದು ಕಾಯುತ್ತ ಸುಮ್ಮನಿದ್ದವು. ಆಯಿ ಕೂಡ ಮಂಚದ ಮೇಲೆ ಎದ್ದು ಕುಳಿತಳು.

ಆಗ ಗೋಡೆಯ ಆಚೆಯಿಂದ ಕಾಕಾನ ದನಿ ಬಂತು.

"ಅಣ್ಣಾ, ಮೊದಲ ನಿಂದು ಚಾಲೂ ಆಗ್ಲಿ."

ಸ್ವಲ್ಪ ಹೊತ್ತಿನ ಮೇಲೆ ಅಪ್ಪನ ಶೆಡ್ಡಿನಲ್ಲಿ ಒಂದು ಮಗ್ಗ ಶುರುವಾಯಿತು. ಅದು ನೆಲೆಗೊಂಡ ಮೇಲೆ ಮತ್ತೊಂದು, ಆಮೇಲೆ ಇನ್ನೊಂದು. ಎಲ್ಲವೂ ಒಂದೇ ಲಯಕ್ಕೆ ಬಂದ ಮೇಲೆ ಆ ಗದ್ದಲವನ್ನು ಮೀರಿಸಿ ಅಪ್ಪ ಕೂಗಿದ.

"ಹೂಂ, ಈಗ ನಿಂದು ಹಾಕು."

ಹಿತ್ತಲ ಕಡೆಯ ಮಗ್ಗಗಳೂ ಒಂದೊಂದಾಗಿ ಸೇರಿಕೊಂಡವು. ದೀಪ ಕೆಂಪಗಾಗಲಿಲ್ಲ. ಮಲ್ಲು ಮೇಜಿನ ಹತ್ತಿರ ಇನ್ನೊಂದು ಕುರ್ಚಿ ಎಳೆದು ಹಾಕಿ, ನಾನು ಕುಳಿತುಕೊಳ್ಳುವವರೆಗೆ ಕಾದು, ಗುಂಡಿ ಒತ್ತಿದ.